‘ಹುದ್ದೆ ಇಲ್ಲ’ ಎಂದರೆ ನಿಜಕ್ಕೂ ಹುದ್ದೆ ಇಲ್ಲವೇ? ಉದ್ಯೋಗ ಕಡಿತದ ಹೆಸರಿನ ವಜಾ ಮತ್ತು ಕಾನೂನಿನ ದಾರಿ

ದೇಶದ ಅತಿ ದೊಡ್ಡ ಐಟಿ ಕಂಪನಿ ಟಿಸಿಎಸ್ 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ ನೂರಾರು ಟ್ರೈನಿಗಳನ್ನು ಆಂತರಿಕ ಪರೀಕ್ಷೆಯಲ್ಲಿ ಪಾಸಾಗಲಿಲ್ಲವೆಂದು ಮನೆಗೆ ಕಳಿಸಿದ್ದು ರಾಜ್ಯದ ಕಾರ್ಮಿಕ ಇಲಾಖೆಯ ಮೆಟ್ಟಿಲೇರಿತ್ತು. ಇವೆರಡೂ ಪತ್ರಿಕೆಗಳ ಮುಖಪುಟದಲ್ಲಿ ಬಂದವು. ಆದರೆ ಮೂಡುಬಿದಿರೆಯಿಂದ ಬೆಳಗಾವಿಯವರೆಗೆ, ಮಕ್ಕಳನ್ನು ಬೆಂಗಳೂರಿನ ಕೆಲಸಕ್ಕೆ ಕಳಿಸಿರುವ ಸಾವಿರಾರು ಮನೆಗಳಿಗೆ ಇಂಥ ಸುದ್ದಿ ಪತ್ರಿಕೆಯ ಮೂಲಕ ಬರುವುದಿಲ್ಲ. ಒಂದು ಸಂಜೆ ಮಗನೋ ಮಗಳೋ ಫೋನ್ ಮಾಡಿ ‘ಇವತ್ತು ರಿಸೈನ್ ಮಾಡಿದೆ’ ಎನ್ನುತ್ತಾರೆ. ಅಲ್ಲಿ ಕಡಿತ ಎಂಬ ಮಾತೂ ಇರುವುದಿಲ್ಲ, ವಜಾ ಎಂಬ ಮಾತೂ ಇರುವುದಿಲ್ಲ.

ಆ ಒಂದು ಪದವೇ, ಅಂದರೆ ರಾಜೀನಾಮೆಯೇ, ಇಡೀ ವಿಷಯದ ಕೇಂದ್ರ. ಅದೇಕೆಂದು ತಿಳಿಯಲು ಒಬ್ಬ ನೌಕರನನ್ನು ಹೊರಗೆ ಕಳಿಸಲು ಕಂಪನಿಯ ಮುಂದಿರುವ ದಾರಿಗಳನ್ನು ನೋಡಬೇಕು.

ಮೊದಲನೆಯದು, ‘ನಮ್ಮಲ್ಲಿ ಕೆಲಸವೇ ಇಲ್ಲ, ನಿಮ್ಮ ಹುದ್ದೆ ಹೆಚ್ಚುವರಿಯಾಗಿದೆ’ ಎನ್ನುವುದು. ಕಾನೂನಿನ ಭಾಷೆಯಲ್ಲಿ ಇದು ರಿಟ್ರೆಂಚ್‌ಮೆಂಟ್. ಹಾಗೆಂದ ಕಂಪನಿ ಲಿಖಿತ ನೋಟಿಸ್ ಕೊಡಬೇಕು, ಕಾರಣ ಬರೆಯಬೇಕು, ಪರಿಹಾರ ಕೊಡಬೇಕು, ಸರ್ಕಾರಕ್ಕೆ ತಿಳಿಸಬೇಕು. ಎರಡನೆಯದು, ‘ನಿಮ್ಮ ನಡತೆ ಸರಿಯಿಲ್ಲ, ತಪ್ಪು ಮಾಡಿದ್ದೀರಿ’ ಎನ್ನುವುದು. ಹಾಗೆಂದರೆ ಆರೋಪಪಟ್ಟಿ ಕೊಡಬೇಕು, ವಿಚಾರಣೆ ನಡೆಸಬೇಕು, ನೌಕರನ ಮಾತು ಕೇಳಬೇಕು. ಎರಡಕ್ಕೂ ಖರ್ಚಿದೆ, ಸಮಯ ಬೇಕು, ಆಮೇಲೆ ನ್ಯಾಯಾಲಯದಲ್ಲಿ ಉತ್ತರ ಹೇಳುವ ಹೊಣೆಯೂ ಇದೆ. ಮೂರನೆಯದು ರಾಜೀನಾಮೆ. ಅದಕ್ಕೆ ಪರಿಹಾರವಿಲ್ಲ, ವಿಚಾರಣೆಯಿಲ್ಲ, ಸರ್ಕಾರಕ್ಕೆ ತಿಳಿಸಬೇಕಾಗಿಲ್ಲ. ಮೊದಲೆರಡು ದಾರಿಯಲ್ಲಿ ಹೋಗಬೇಕಾದ ಜನರನ್ನು ಮೂರನೆಯ ದಾರಿಗೆ ತಳ್ಳುವುದು ಏಕೆಂದು ಕೇಳಲು ದೊಡ್ಡ ತನಿಖೆಯೇನೂ ಬೇಕಿಲ್ಲ.

ರಾಜ್ಯ ಸರ್ಕಾರದ ಒಂದು ಆದೇಶವೇ ಇದಕ್ಕೆ ಉದಾಹರಣೆ. ಐಟಿ ಮತ್ತು ಅದಕ್ಕೆ ಸಂಬಂಧಿಸಿದ ಕಂಪನಿಗಳಿಗೆ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಇದ್ದ ವಿನಾಯಿತಿಯನ್ನು 2024ರ ಜೂನ್‌ನಲ್ಲಿ ಮತ್ತೆ 5 ವರ್ಷಕ್ಕೆ ವಿಸ್ತರಿಸುವಾಗ ಸರ್ಕಾರ ಕೆಲವು ಷರತ್ತು ಹಾಕಿತು. ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮ ಕೈಗೊಂಡಾಗ ಕಾರ್ಮಿಕ ಇಲಾಖೆಗೆ ಮಾಹಿತಿ ಕೊಡಬೇಕೆಂಬುದು ಅವುಗಳಲ್ಲೊಂದು. ಒಳ್ಳೆಯ ಷರತ್ತೇ. ಆದರೆ ನೌಕರನೇ ‘ವೈಯಕ್ತಿಕ ಕಾರಣದಿಂದ’ ಎಂದು ಬರೆದುಕೊಟ್ಟರೆ ಆ ಪಟ್ಟಿಯಲ್ಲಿ ಅವನ ಹೆಸರು ಬರುವುದೇ ಇಲ್ಲ.

ಕಾನೂನು ನಿಜಕ್ಕೂ ಏನು ಕೇಳುತ್ತದೆ

1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಬಂದಿದೆ. ಸಂಸತ್ತು 2020ರಲ್ಲೇ ಒಪ್ಪಿದ್ದ ಈ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಉದ್ಯೋಗ ಕಡಿತದ ಮಟ್ಟಿಗೆ ಹಳೆಯ ಕಾಯ್ದೆಯ ಮೂಲ ನಿಯಮಗಳು ಹೆಚ್ಚು ಕಡಿಮೆ ಹಾಗೆಯೇ ಉಳಿದಿವೆ. ಒಂದು ವರ್ಷ ನಿರಂತರ ಸೇವೆ ಮುಗಿಸಿದ ಕೆಲಸಗಾರನನ್ನು ಕಡಿತಗೊಳಿಸಬೇಕಾದರೆ ಕಾರಣ ಬರೆದ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ವೇತನ ಕೊಡಬೇಕು. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನದಂತೆ ಪರಿಹಾರ ಕೊಡಬೇಕು. ಸರ್ಕಾರಕ್ಕೆ ನೋಟಿಸ್ ಹೋಗಬೇಕು. ಒಂದೇ ವರ್ಗದ ಕೆಲಸಗಾರರಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕು. ಆ ಕ್ರಮ ಮೀರುವುದಾದರೆ ಕಂಪನಿ ಕಾರಣವನ್ನು ದಾಖಲಿಸಬೇಕು. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದರೆ ಕಡಿತಗೊಂಡವರಿಗೆ ಮೊದಲ ಅವಕಾಶ ಕೊಡಬೇಕು.

ಕಾರ್ಖಾನೆ, ಗಣಿ, ತೋಟಗಳಲ್ಲಿ ಇನ್ನೂ ಒಂದು ಹೆಜ್ಜೆಯಿದೆ. ಅಲ್ಲಿ ಕಡಿತಕ್ಕೆ ಸರ್ಕಾರದ ಪೂರ್ವಾನುಮತಿಯೇ ಬೇಕು. ಹಳೆಯ ಕಾಯ್ದೆಯಲ್ಲಿ 100 ಕೆಲಸಗಾರರಿದ್ದ ಘಟಕಕ್ಕೇ ಇದು ಅನ್ವಯಿಸುತ್ತಿತ್ತು. ಹೊಸ ಸಂಹಿತೆ ಆ ಗಡಿಯನ್ನು 300ಕ್ಕೆ ಏರಿಸಿದೆ. ಪೀಣ್ಯದ ಅಥವಾ ಬೆಳಗಾವಿಯ ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ 150 ಜನರ ಜೊತೆ ದುಡಿಯುತ್ತಿರುವವರಿಗೆ ಇದು ದೊಡ್ಡ ನಷ್ಟ. ಐಟಿ ಕಚೇರಿಗಳಿಗೆ ಪೂರ್ವಾನುಮತಿಯ ನಿಯಮ ಮೊದಲೂ ಇರಲಿಲ್ಲ, ಈಗಲೂ ಇಲ್ಲ.

ಮಾಲೀಕನಿಗೆ ತನ್ನ ವ್ಯವಹಾರವನ್ನು ಮರುರೂಪಿಸುವ ಹಕ್ಕಿದೆ ಎಂಬುದನ್ನೂ ಹೇಳಲೇಬೇಕು. ಪ್ರಾಮಾಣಿಕವಾಗಿ ಪುನರ್‌ರಚನೆ ಮಾಡಿದಾಗ ಕೆಲವರು ಹೆಚ್ಚುವರಿಯಾದರೆ ಅದನ್ನು ನ್ಯಾಯಾಲಯ ತಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟ್ 1958ರಷ್ಟು ಹಿಂದೆಯೇ ಹೇಳಿದೆ. ನಷ್ಟದಲ್ಲಿರುವ ಕಂಪನಿಯೇ ಆಗಬೇಕೆಂದಿಲ್ಲ, ಲಾಭದಲ್ಲಿದ್ದರೂ ಹುದ್ದೆ ರದ್ದುಮಾಡಬಹುದು. ‘ಇಷ್ಟು ಲಾಭ ಇದ್ದೂ ಹೇಗೆ ತೆಗೆದರು?’ ಎಂಬ ಸಿಟ್ಟು ಸಹಜ, ಆದರೆ ಅದೊಂದೇ ವಾದ ಕಾರ್ಮಿಕ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ನಿಲ್ಲುವ ಪ್ರಶ್ನೆ ಬೇರೆ: ಹುದ್ದೆ ನಿಜವಾಗಿ ಹೋಯಿತೇ, ಅಥವಾ ಹುದ್ದೆ ಅಲ್ಲೇ ಇದ್ದು ಮನುಷ್ಯನನ್ನು ಮಾತ್ರ ಕಳಿಸಿದರೇ?

ಇನ್ನೊಂದು ಮುಖ್ಯ ಅಂಶ ಹಲವು ವಕೀಲರಲ್ಲದವರಿಗೆ ಗೊತ್ತಿಲ್ಲ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ, ರಿಟ್ರೆಂಚ್‌ಮೆಂಟ್ ಎಂದರೆ ಕೇವಲ ಹೆಚ್ಚುವರಿ ಸಿಬ್ಬಂದಿಯ ಕಡಿತವಲ್ಲ, ಶಿಸ್ತುಕ್ರಮದ ಶಿಕ್ಷೆಯಲ್ಲದೆ ಬೇರೆ ಯಾವುದೇ ಕಾರಣಕ್ಕೆ ಮಾಲೀಕ ಸೇವೆ ಕೊನೆಗೊಳಿಸಿದರೂ ಅದು ರಿಟ್ರೆಂಚ್‌ಮೆಂಟೇ ಎಂದು ತೀರ್ಪಿತ್ತಿತು. ನಿವೃತ್ತಿ, ಸ್ವಯಂ ನಿವೃತ್ತಿ, ನಿಗದಿತ ಅವಧಿಯ ಒಪ್ಪಂದ ಮುಗಿಯುವುದು, ಇಂಥ ಕೆಲವು ಮಾತ್ರ ಹೊರಗೆ. ಹಾಗಾಗಿ ‘ನಾವು ಕಡಿತ ಮಾಡಿಲ್ಲ, ಸುಮ್ಮನೆ ಒಪ್ಪಂದದ ಪ್ರಕಾರ ನೋಟಿಸ್ ಕೊಟ್ಟು ಸೇವೆ ಮುಗಿಸಿದ್ದೇವೆ’ ಎಂದು ಹೇಳಿ ಕಂಪನಿ ಪರಿಹಾರದಿಂದ ತಪ್ಪಿಸಿಕೊಳ್ಳಲಾಗದು.

ವೇಷ ಕಳಚುವ ಗುರುತುಗಳು

ಹುದ್ದೆಯೇ ಇಲ್ಲವೆಂದು ಹೇಳಿದ ಆರು ವಾರದಲ್ಲಿ ಅದೇ ಕೆಲಸಕ್ಕೆ ನೌಕ್ರಿ ಅಥವಾ ಲಿಂಕ್ಡ್‌ಇನ್‌ನಲ್ಲಿ ಜಾಹೀರಾತು ಕಂಡರೆ ಅದಕ್ಕಿಂತ ಬಲವಾದ ಸಾಕ್ಷ್ಯ ಇನ್ನೊಂದಿಲ್ಲ. ಕಂಪನಿಗಳಿಗೂ ಇದು ಗೊತ್ತು. ಹಾಗಾಗಿ ಹುದ್ದೆಯ ಹೆಸರು ಬದಲಾಗುತ್ತದೆ, ‘ಸೀನಿಯರ್ ಅನಲಿಸ್ಟ್’ ಇದ್ದದ್ದು ‘ಕನ್ಸಲ್ಟೆಂಟ್’ ಆಗುತ್ತದೆ, ಕೆಲಸದ ವಿವರ ಮಾತ್ರ ಹಾಗೆಯೇ ಇರುತ್ತದೆ. ಆ ಜಾಹೀರಾತಿನ ಸ್ಕ್ರೀನ್‌ಶಾಟ್ ದಿನಾಂಕ ಸಮೇತ ಇಟ್ಟುಕೊಳ್ಳಬೇಕು. ನಾಲ್ಕು ದಿನದ ಮೇಲೆ ಹುಡುಕಿದರೆ ಅದು ಇರುವುದಿಲ್ಲ.

ಸಮಯವೂ ಮಾತಾಡುತ್ತದೆ. ಹೆರಿಗೆ ರಜೆಯಿಂದ ಮರಳಿದ ತಿಂಗಳಲ್ಲೇ, ಕಿರುಕುಳದ ಬಗ್ಗೆ ಆಂತರಿಕ ಸಮಿತಿಗೆ ದೂರು ಕೊಟ್ಟ ಮೇಲೆ, ದೀರ್ಘ ಕಾಯಿಲೆಯ ನಂತರ, ಓವರ್‌ಟೈಮ್ ಅಥವಾ ಬಾಕಿ ವೇತನ ಕೇಳಿದ ಬೆನ್ನಲ್ಲೇ ಒಬ್ಬರ ಹುದ್ದೆ ಮಾತ್ರ ಹೆಚ್ಚುವರಿಯಾದರೆ ಅದು ಆಕಸ್ಮಿಕವೇ ಎಂದು ಯಾವ ನ್ಯಾಯಾಧೀಶರಾದರೂ ಕೇಳುತ್ತಾರೆ. ಹೆರಿಗೆ ರಜೆಯಲ್ಲಿರುವಾಗ ಅಥವಾ ಆ ರಜೆಯ ಕಾರಣಕ್ಕೆ ಕೆಲಸದಿಂದ ತೆಗೆಯುವುದಂತೂ ಕಾನೂನೇ ಸ್ಪಷ್ಟವಾಗಿ ನಿಷೇಧಿಸಿರುವ ಕೃತ್ಯ.

ಯಾರನ್ನು ಆರಿಸಿದರು ಎಂಬುದನ್ನು ನೋಡಬೇಕು. ಹತ್ತು ಜನರ ತಂಡದಲ್ಲಿ ಎರಡು ವರ್ಷದ ಹಿಂದೆ ಬಂದವರು ಉಳಿದು ಹನ್ನೆರಡು ವರ್ಷ ದುಡಿದವರು ಹೋದರೆ, ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ನಿಯಮ ಮುರಿದಿದೆ. ಕಂಪನಿಗೆ ಅದಕ್ಕೆ ಕಾರಣ ಇರಬಹುದು, ಹೊಸ ತಂತ್ರಜ್ಞಾನದ ಕೌಶಲ ಇತ್ಯಾದಿ. ಆದರೆ ಆ ಕಾರಣ ಕಡಿತದ ದಿನವೇ ಕಾಗದದ ಮೇಲೆ ಇರಬೇಕು, ಕೇಸು ಬಿದ್ದ ಮೇಲೆ ಹುಡುಕಿದ್ದಾಗಬಾರದು. ಐಟಿಯಲ್ಲಿ ಹೆಚ್ಚು ಸಂಬಳದ ಮಧ್ಯಮ ಹಂತದವರನ್ನೇ ಆರಿಸುವುದು ಹೆಚ್ಚು. ಸಂಬಳ ಹೆಚ್ಚಿದೆ ಎಂಬುದಷ್ಟೇ ಕ್ರಮ ಮೀರಲು ಸಾಕಾದ ಕಾರಣವೆಂದು ಕಂಪನಿ ಬಹಿರಂಗವಾಗಿ ಬರೆಯಲು ಹಿಂಜರಿಯುತ್ತದೆ. ಆ ಹಿಂಜರಿಕೆಯೇ ನೌಕರನ ಬಲ.

‘ಬೆಂಚ್’ ಇನ್ನೊಂದು. 2025ರ ಜೂನ್‌ನಲ್ಲಿ ಟಿಸಿಎಸ್ ತಂದ ನೀತಿಯಂತೆ ನೌಕರ ವರ್ಷಕ್ಕೆ 225 ದಿನ ಗ್ರಾಹಕರಿಗೆ ಬಿಲ್ ಆಗುವ ಕೆಲಸದಲ್ಲಿರಬೇಕು, ಪ್ರಾಜೆಕ್ಟ್ ಇಲ್ಲದೆ 35 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಪ್ರಾಜೆಕ್ಟ್ ತರುವುದು ಕಂಪನಿಯ ಮಾರಾಟ ವಿಭಾಗದ ಕೆಲಸ, ಸಿಗದಿದ್ದರೆ ಹೊಣೆ ಮಾತ್ರ ನೌಕರನ ತಲೆಗೆ. ಬೆಂಚಿನಲ್ಲಿದ್ದಾಗ ಒಳಗಿನ ಎಷ್ಟು ಪ್ರಾಜೆಕ್ಟ್‌ಗೆ ಅರ್ಜಿ ಹಾಕಲಾಯಿತು, ಎಷ್ಟು ಸಂದರ್ಶನ ಕೊಟ್ಟರು, ಯಾರು ಏನೆಂದು ತಿರಸ್ಕರಿಸಿದರು, ಇದರ ಪಟ್ಟಿ ಇಟ್ಟುಕೊಂಡವರ ಮಾತಿಗೆ ತೂಕ ಬರುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಕಾರಣ ಬದಲಾಗುವುದು. ಐದು ವರ್ಷ ‘ನಿರೀಕ್ಷೆ ಮೀರಿದ ಸಾಧನೆ’ ಎಂದು ರೇಟಿಂಗ್ ಕೊಟ್ಟವರು ಆರನೆಯ ವರ್ಷ ಇದ್ದಕ್ಕಿದ್ದಂತೆ ಕೊನೆಯ ರೇಟಿಂಗ್ ಕೊಟ್ಟು ‘ಪಿಐಪಿ’ಗೆ, ಅಂದರೆ ಕಾರ್ಯಕ್ಷಮತೆ ಸುಧಾರಣೆಯ ಗಡುವಿಗೆ ಹಾಕುತ್ತಾರೆ. ಎಚ್‌ಆರ್ ಕೋಣೆಯಲ್ಲಿ ಹೇಳುವುದು ಪ್ರಾಜೆಕ್ಟ್ ಇಲ್ಲವೆಂದು, ಪತ್ರದಲ್ಲಿ ಬರೆಯುವುದು ಕೆಲಸ ಸರಿಯಿಲ್ಲವೆಂದು. ಕಂಪನಿ ಇವೆರಡರಲ್ಲಿ ಒಂದನ್ನು ಆರಿಸಬೇಕು. ಕೆಲಸ ಇಲ್ಲವೆಂದಾದರೆ ಕಡಿತದ ನಿಯಮ ಪಾಲಿಸಿ ಪರಿಹಾರ ಕೊಡಲಿ, ನೌಕರ ತಪ್ಪು ಮಾಡಿದ್ದಾನೆಂದಾದರೆ ಆರೋಪ ಹೇಳಿ ವಿಚಾರಣೆ ಮಾಡಲಿ. ಒಂದರ ಆರೋಪವನ್ನು ಇನ್ನೊಂದರ ನೋಟಿಸಿನಲ್ಲಿ ಸುತ್ತಿ ಕೊಡುವುದು ವೇಷವೇ. ಒಂದೇ ಘಟನೆಗೆ ಬೇರೆ ಬೇರೆ ಕಾಗದದಲ್ಲಿ ಬೇರೆ ಬೇರೆ ಕಾರಣ ಇದ್ದರೆ, ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಡುವುದೇ ಅರ್ಧ ಕೇಸು.

ಆ ಅರ್ಧ ಗಂಟೆ

ಇಷ್ಟೆಲ್ಲ ಸಾಕ್ಷ್ಯವಿದ್ದೂ ಹೆಚ್ಚಿನ ಪ್ರಕರಣಗಳು ಆರಂಭವಾಗುವ ಮೊದಲೇ ಮುಗಿಯುವುದು ಒಂದು ಮೀಟಿಂಗಿನಲ್ಲಿ. ಮುನ್ಸೂಚನೆಯಿಲ್ಲದೆ ಕರೆ ಬರುತ್ತದೆ. ಎಚ್‌ಆರ್‌ನವರು ಇಬ್ಬರು, ಮ್ಯಾನೇಜರ್ ಒಬ್ಬರು. ‘ನೀವಾಗಿಯೇ ರಿಸೈನ್ ಮಾಡಿದರೆ ಮೂರು ತಿಂಗಳ ಸಂಬಳ, ಒಳ್ಳೆಯ ರಿಲೀವಿಂಗ್ ಲೆಟರ್. ಇಲ್ಲವಾದರೆ ಟರ್ಮಿನೇಷನ್, ಮುಂದೆ ಎಲ್ಲೂ ಕೆಲಸ ಸಿಗುವುದಿಲ್ಲ. ಇವತ್ತೇ ಹೇಳಬೇಕು.’ ಲ್ಯಾಪ್‌ಟಾಪ್‌ನಲ್ಲಿ ರಾಜೀನಾಮೆಯ ಪುಟ ತೆರೆದೇ ಇರುತ್ತದೆ.

ರಾಜೀನಾಮೆ ಎಂದರೆ ಸ್ವಇಚ್ಛೆಯಿಂದ ಕೊಟ್ಟದ್ದು. ಬೆದರಿಸಿ ಬರೆಸಿಕೊಂಡದ್ದು ಕಾನೂನಿನ ಕಣ್ಣಿನಲ್ಲಿ ರಾಜೀನಾಮೆಯಲ್ಲ, ಅದು ಮಾಲೀಕನೇ ಮಾಡಿದ ಸೇವಾಮುಕ್ತಿ. ಆದರೆ ಬೆದರಿಕೆ ಇತ್ತೆಂದು ತೋರಿಸುವ ಹೊಣೆ ನೌಕರನ ಮೇಲೆ ಬೀಳುತ್ತದೆ. ವಿದ್ಯಾವಂತ ಎಂಜಿನಿಯರ್ ಒಬ್ಬರು ‘ಅವಕಾಶಕ್ಕಾಗಿ ಧನ್ಯವಾದ’ ಎಂದು ಬರೆದು ಸಹಿ ಹಾಕಿ, ಹಣ ಪಡೆದು, ಎಂಟು ತಿಂಗಳು ಸುಮ್ಮನಿದ್ದು ಆಮೇಲೆ ‘ಬಲವಂತ’ ಎಂದರೆ ನಂಬಿಸುವುದು ಕಷ್ಟ. ಅದೇ ವ್ಯಕ್ತಿ ಅಂದೇ ಸಂಜೆ ಒಂದು ಇ-ಮೇಲ್ ಕಳಿಸಿದ್ದರೆ ಚಿತ್ರವೇ ಬೇರೆ.

ಆ ಕೋಣೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಜಗಳ ಬೇಡ. ‘ನನಗೆ ಯೋಚಿಸಲು ಸಮಯ ಬೇಕು, ನಿಮ್ಮ ಪ್ರಸ್ತಾಪವನ್ನು ಬರಹದಲ್ಲಿ ಕೊಡಿ’ ಎಂದು ಹೇಳಿ ಎದ್ದು ಬರಬೇಕು. ಅಂದೇ ಎಚ್‌ಆರ್‌ಗೆ, ಯಾವ ಸಮಯಕ್ಕೆ, ಯಾರ ಸಮ್ಮುಖದಲ್ಲಿ, ಏನು ಹೇಳಿದರು ಎಂದು ನಾಲ್ಕು ಸಾಲು ಬರೆದು, ‘ನನಗೆ ರಾಜೀನಾಮೆ ಕೊಡುವ ಇಚ್ಛೆಯಿಲ್ಲ, ಕೆಲಸ ಮಾಡಲು ಸಿದ್ಧನಿದ್ದೇನೆ’ ಎಂದು ಸೇರಿಸಿ, ಅದರ ಪ್ರತಿಯನ್ನು ಸ್ವಂತ ಇ-ಮೇಲ್‌ಗೂ ಇಟ್ಟುಕೊಳ್ಳಬೇಕು. ಮರುದಿನ ಕೆಲಸಕ್ಕೆ ಹೋಗಬೇಕು. ಗೇಟಿನಲ್ಲಿ ಕಾರ್ಡ್ ತೆಗೆದುಕೊಳ್ಳದಿದ್ದರೆ ಅದನ್ನೂ ಬರೆದು ತಿಳಿಸಬೇಕು. ಇಲ್ಲದಿದ್ದರೆ ‘ತಿಳಿಸದೆ ಗೈರುಹಾಜರಾದರು’ ಎಂಬ ಹೊಸ ಕಥೆ ಹುಟ್ಟುತ್ತದೆ.

ಒತ್ತಡಕ್ಕೆ ಮಣಿದು ಈಗಾಗಲೇ ರಾಜೀನಾಮೆ ಕೊಟ್ಟಾಗಿದ್ದರೆ? ಕಂಪನಿ ಅದನ್ನು ಅಂಗೀಕರಿಸುವ ಮೊದಲು ಹಿಂಪಡೆಯಬಹುದು ಎಂಬುದು ಸಾಮಾನ್ಯ ನಿಯಮ. ಹಾಗಾಗಿ ಗಂಟೆಗಳ ಲೆಕ್ಕದಲ್ಲಿ ಯೋಚಿಸಬೇಕು, ವಾರಗಳ ಲೆಕ್ಕದಲ್ಲಲ್ಲ. ಅಂಗೀಕಾರವಾಗಿದ್ದರೂ ಬಲವಂತದ ವಿವರ ಬರೆದು ಪ್ರತಿಭಟನೆಯ ಪತ್ರ ಕಳಿಸುವುದರಿಂದ ನಷ್ಟವಿಲ್ಲ.

ದಾಖಲೆಗಳ ವಿಷಯದಲ್ಲಿ ಒಂದು ಎಚ್ಚರ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ರೇಟಿಂಗ್, ಬಡ್ತಿಯ ಪತ್ರ, ತನ್ನ ಬಗ್ಗೆ ಬಂದ ಇ-ಮೇಲ್‌ಗಳು ನೌಕರನವು, ಅವನ್ನು ಮೊದಲೇ ಸಂಗ್ರಹಿಸಿಡಬೇಕು. ಆದರೆ ಗ್ರಾಹಕರ ಮಾಹಿತಿ, ಕೋಡ್, ಗೋಪ್ಯ ಕಡತಗಳನ್ನು ಸ್ವಂತ ಇ-ಮೇಲ್‌ಗೆ ಕಳಿಸಿಕೊಂಡರೆ ಕಂಪನಿಗೆ ಅದುವರೆಗೆ ಇಲ್ಲದಿದ್ದ ನಿಜವಾದ ದುರ್ನಡತೆಯ ಆರೋಪವನ್ನು ಕೈಯಾರೆ ಕೊಟ್ಟಂತೆ.

ಸಾಫ್ಟ್‌ವೇರ್ ಎಂಜಿನಿಯರ್ ‘ಕೆಲಸಗಾರ’ನೇ?

ಕಂಪನಿಯ ಮೊದಲ ವಾದ ಯಾವಾಗಲೂ ಇದೇ: ಇವರು ಮ್ಯಾನೇಜರ್ ದರ್ಜೆಯವರು, ಕಾರ್ಮಿಕ ಕಾನೂನು ಇವರಿಗಿಲ್ಲ. ಕಾನೂನು ದೈಹಿಕ ಕೆಲಸದವರ ಜೊತೆಗೆ ಕೌಶಲದ, ತಾಂತ್ರಿಕ, ಗುಮಾಸ್ತೆ ಕೆಲಸದವರನ್ನೂ ಕೆಲಸಗಾರರೆಂದೇ ಎಣಿಸುತ್ತದೆ. ತಾಂತ್ರಿಕ ಕೆಲಸ ಮಾಡುವವರಿಗೆ ಸಂಬಳದ ಮಿತಿಯಿಲ್ಲ, ತಿಂಗಳಿಗೆ ಒಂದೂವರೆ ಲಕ್ಷ ಬಂದರೂ ಸರಿ. ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ ಮಿತಿಯಿದೆ: ಹೊಸ ಸಂಹಿತೆಯಲ್ಲಿ ತಿಂಗಳಿಗೆ 18,000 ರೂಪಾಯಿ ಮೀರಿದರೆ ಅವರು ಹೊರಗೆ. ಆಡಳಿತ ಅಥವಾ ವ್ಯವಸ್ಥಾಪಕ ಹುದ್ದೆಯವರು ಪೂರ್ತಿ ಹೊರಗೆ.

ಹುದ್ದೆಯ ಹೆಸರಲ್ಲ, ಮುಖ್ಯವಾಗಿ ಮಾಡುವ ಕೆಲಸ ಏನೆಂಬುದೇ ನಿರ್ಣಾಯಕ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ಆ ಪ್ರಕರಣದಲ್ಲಿ ಚಪ್ಪಲಿ ಅಂಗಡಿಯ ಮ್ಯಾನೇಜರ್ ಸೋತರು, ಏಕೆಂದರೆ ಅವರು ನಿಜಕ್ಕೂ ಅಂಗಡಿಯನ್ನು ನಡೆಸುತ್ತಿದ್ದರು. ಅದೇ ಅಳತೆಗೋಲು ಇನ್ನೊಬ್ಬರನ್ನು ಗೆಲ್ಲಿಸಬಹುದು. ‘ಅಸಿಸ್ಟೆಂಟ್ ಮ್ಯಾನೇಜರ್’ ಎಂಬ ಕಾರ್ಡ್ ಇದ್ದು ದಿನವಿಡೀ ಕೋಡ್ ಬರೆಯುವ, ಯಾರ ರಜೆಯನ್ನೂ ಮಂಜೂರು ಮಾಡದ, ಯಾರನ್ನೂ ನೇಮಿಸದ ವ್ಯಕ್ತಿ ಕೆಲಸಗಾರನೇ. 2015ರಲ್ಲಿ ಒಂದು ದೊಡ್ಡ ಐಟಿ ಕಂಪನಿ ತೆಗೆದುಹಾಕಿದ್ದ ನೌಕರರೊಬ್ಬರ ಪ್ರಕರಣದಲ್ಲಿ ಚೆನ್ನೈನ ಕಾರ್ಮಿಕ ನ್ಯಾಯಾಲಯ 2022ರಲ್ಲಿ ಕಂಪನಿಯ ಮ್ಯಾನೇಜರ್ ವಾದವನ್ನು ಒಪ್ಪದೆ, ಬಾಕಿ ವೇತನದೊಂದಿಗೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಂತೆ ಆದೇಶಿಸಿತು. ಗೆಲುವು ದೊಡ್ಡದು. ಹಿಡಿದದ್ದು ಏಳು ವರ್ಷ.

ನಿಜಕ್ಕೂ ಮ್ಯಾನೇಜರ್ ಆಗಿದ್ದವರಿಗೆ ದಾರಿ ಕಿರಿದು. ಕೆಲಸಗಾರರೆಂಬ ವ್ಯಾಖ್ಯೆಗೆ ಬರದವರೂ ನೋಡಬೇಕಾದದ್ದು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಆರು ತಿಂಗಳು ನಿರಂತರ ಕೆಲಸ ಮಾಡಿದ ನೌಕರನನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ವೇತನವಿಲ್ಲದೆ ತೆಗೆಯುವಂತಿಲ್ಲವೆಂದು ಅದರ 39ನೇ ಕಲಂ ಹೇಳುತ್ತದೆ, ಮೇಲ್ಮನವಿಗೂ ಅವಕಾಶ ಕೊಡುತ್ತದೆ. ವ್ಯವಸ್ಥಾಪಕ ಸ್ಥಾನದವರಿಗೆ ಈ ಕಾಯ್ದೆಯೂ ಅನ್ವಯಿಸದು, ಅವರಿಗೆ ಉಳಿಯುವುದು ಒಪ್ಪಂದ ಉಲ್ಲಂಘನೆಗೆ ಸಿವಿಲ್ ದಾವೆ. ಅದರಲ್ಲಿ ಸಾಮಾನ್ಯವಾಗಿ ನೋಟಿಸ್ ಅವಧಿಯ ವೇತನದ ಮಟ್ಟಿಗಿನ ಪರಿಹಾರಕ್ಕಿಂತ ಹೆಚ್ಚು ಸಿಗುವುದಿಲ್ಲ.

ಶಿಕ್ಷಕರ ವಿಷಯ ಬೇರೆ. ಅವರು ಕೈಗಾರಿಕಾ ಕಾನೂನಿನ ಕೆಲಸಗಾರರಲ್ಲವೆಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಯಲ್ಲಿ ‘ಮಕ್ಕಳ ಸಂಖ್ಯೆ ಕಡಿಮೆ’ ಎಂದು ತೆಗೆದ ಶಿಕ್ಷಕಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರೆ ಕಾಲಹರಣ. ಅವರು ಹೋಗಬೇಕಾದದ್ದು ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯದಲ್ಲಿರುವ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ, ಅದೂ ಆದೇಶ ಕೈಗೆ ಬಂದ ಮೂರು ತಿಂಗಳೊಳಗೆ.

‘ಪ್ಯಾಕೇಜ್’ ಎಂಬುದರ ಒಳಗೆ

ಎಚ್‌ಆರ್ ಹೇಳುವ ಮೊತ್ತವನ್ನು ಬಿಡಿಸಿ ನೋಡಬೇಕು. ಉದಾಹರಣೆಗೆ 8 ವರ್ಷ 7 ತಿಂಗಳು ಸೇವೆ ಮಾಡಿದ, ಕಾನೂನಿನ ಲೆಕ್ಕಕ್ಕೆ ಬರುವ ವೇತನ ತಿಂಗಳಿಗೆ 40,000 ರೂಪಾಯಿ ಇರುವವರನ್ನು ತೆಗೆದುಕೊಳ್ಳೋಣ. ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಎಣಿಸುವುದರಿಂದ ಸೇವೆ 9 ವರ್ಷ. ಗ್ರಾಚ್ಯುಟಿ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ, ನಂತರ 9ರಿಂದ ಗುಣಿಸಿದರೆ ಸುಮಾರು 2,07,692 ರೂಪಾಯಿ. ಇದು ರಾಜೀನಾಮೆ ಕೊಟ್ಟರೂ, ತೆಗೆದುಹಾಕಿದರೂ ಬರಲೇಬೇಕಾದ ಹಣ. ಭವಿಷ್ಯ ನಿಧಿ, ಬಳಸದ ರಜೆಯ ಹಣವೂ ಹಾಗೆಯೇ. ಇವನ್ನು ಸೇರಿಸಿ ‘ಇಷ್ಟು ಲಕ್ಷ ಕೊಡುತ್ತಿದ್ದೇವೆ’ ಎಂದರೆ ಅವರದ್ದೇ ಹಣವನ್ನು ಅವರಿಗೇ ಉಡುಗೊರೆ ಕೊಟ್ಟಂತೆ.

ಕಡಿತವೆಂದು ಒಪ್ಪಿದರೆ ಇದರ ಮೇಲೆ ಬರಬೇಕಾದದ್ದು: 15 ದಿನದ ವೇತನ ಸುಮಾರು 20,000, ಅದಕ್ಕೆ 9 ವರ್ಷ, ಒಟ್ಟು 1,80,000. ನೋಟಿಸ್ ಬದಲಿನ ಒಂದು ತಿಂಗಳು 40,000. ಹೊಸ ಸಂಹಿತೆ ತಂದಿರುವ ಮರುಕೌಶಲ ನಿಧಿಯಿಂದ 15 ದಿನದ ವೇತನ, ಇನ್ನೂ 20,000. ಸರಿಸುಮಾರು 2,40,000. ಕಂಪನಿಯ ಪ್ರಸ್ತಾಪ ಇದಕ್ಕಿಂತ ಕಡಿಮೆಯಿದ್ದರೆ ಅದು ಪ್ಯಾಕೇಜ್ ಅಲ್ಲ, ರಿಯಾಯಿತಿ. ಹೆಚ್ಚಿದ್ದರೆ ಒಪ್ಪಂದಕ್ಕೆ ಬರುವುದು ಜಾಣತನವಿರಬಹುದು. ಅಂತಿಮ ಲೆಕ್ಕದ ಕಾಗದಕ್ಕೆ ಸಹಿ ಹಾಕುವಾಗ ‘ಇನ್ನು ಯಾವ ತಕರಾರೂ ಇಲ್ಲ’ ಎಂಬ ಸಾಲು ಇದೆಯೇ ಎಂದು ನೋಡಬೇಕು. ತಕರಾರು ಇದ್ದರೆ ‘ಹಕ್ಕು ಕಾಯ್ದಿರಿಸಿ, ಆಕ್ಷೇಪದೊಂದಿಗೆ ಪಡೆದಿದ್ದೇನೆ’ ಎಂದು ಬರೆದೇ ಹಣ ತೆಗೆದುಕೊಳ್ಳಬೇಕು. ಹೊಸ ವೇತನ ಸಂಹಿತೆಯಂತೆ ಸೇವೆ ಮುಗಿದ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ‘ಸಹಿ ಹಾಕದಿದ್ದರೆ ಸಂಬಳವೂ ಬರುವುದಿಲ್ಲ’ ಎಂಬುದು ಬೆದರಿಕೆಯಷ್ಟೇ.

ದೂರು ಕೊಡುವುದು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ. ಬೆಂಗಳೂರಿನಲ್ಲಿ ಇಲಾಖೆ ಇರುವುದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಗಳ ಕಚೇರಿಗಳಿವೆ. ಒಬ್ಬ ವ್ಯಕ್ತಿಯ ವಜಾ ಪ್ರಕರಣಕ್ಕೆ ಯೂನಿಯನ್ ಬೆಂಬಲ ಇರಲೇಬೇಕೆಂದಿಲ್ಲ. ಇದ್ದರೆ ಅನುಕೂಲ. ಐಟಿ ನೌಕರರ ಸಂಘ ಕೆಐಟಿಯು ಇಂಥ ಹಲವು ದೂರುಗಳನ್ನು ಇಲಾಖೆಯ ಮುಂದೆ ಒಯ್ದಿದೆ. ಸಂಧಾನ ಮುರಿದರೆ ಅದರ ವರದಿ ಸಿಕ್ಕ 90 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಹಳೆಯ ಕಾಯ್ದೆಯಲ್ಲಿ ವಜಾ ಪ್ರಶ್ನಿಸಲು 3 ವರ್ಷ ಇತ್ತು. ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ 2 ವರ್ಷ ಮೀರಿದರೆ ಸಂಧಾನವೇ ನಡೆಯದು. ಹಳೆಯ ಲೆಕ್ಕ ಹಿಡಿದು ಕುಳಿತವರು ಇದನ್ನು ಗಮನಿಸಬೇಕು.

ಅಕ್ರಮ ವಜಾ ಎಂದು ಸಾಬೀತಾದರೆ ಮತ್ತೆ ಕೆಲಸ ಮತ್ತು ಬಾಕಿ ವೇತನ ಕೊಡುವುದೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಈ ನಡುವೆ ಬೇರೆಡೆ ದುಡಿದಿಲ್ಲವೆಂದು ನೌಕರ ಹೇಳಬೇಕು. ಬೇರೆ ಕೆಲಸ ಸಿಕ್ಕಿದ್ದರೆ ಬಾಕಿ ವೇತನ ಕಡಿಮೆಯಾಗುತ್ತದೆ. ಕೇವಲ ಕ್ರಮದ ಲೋಪವಿದ್ದ ಪ್ರಕರಣಗಳಲ್ಲಿ ನ್ಯಾಯಾಲಯಗಳು ಮರುನೇಮಕದ ಬದಲು ಒಂದು ಮೊತ್ತ ಕೊಡಿಸುವುದೂ ಇದೆ. ಮೂವತ್ತೈದರ ಹರೆಯದಲ್ಲಿ ಬೇರೆ ಕೆಲಸ ಹುಡುಕಿಕೊಳ್ಳಬಲ್ಲವರಿಗೆ ಸಂಧಾನದ ಹಂತದಲ್ಲೇ ನ್ಯಾಯವಾದ ಮೊತ್ತಕ್ಕೆ ಮುಗಿಸುವುದು ಬಹುತೇಕ ಸಲ ಒಳ್ಳೆಯದು. ಐವತ್ತು ದಾಟಿದವರಿಗೆ, ಕಾರ್ಖಾನೆಯ ಕೆಲಸ ಬಿಟ್ಟು ಬೇರೆ ತಿಳಿಯದವರಿಗೆ ಆ ಲೆಕ್ಕ ಬೇರೆ, ಅವರು ಮರುನೇಮಕಕ್ಕೇ ಹೋರಾಡುವುದರಲ್ಲಿ ಅರ್ಥವಿದೆ.

ಇಷ್ಟಾದರೂ ದೂರು ಕೊಡುವವರು ಕಡಿಮೆ, ಅದಕ್ಕೆ ಕಾರಣ ಕಾನೂನಿನ ಅಜ್ಞಾನ ಮಾತ್ರವಲ್ಲ. ಮುಂದಿನ ಕಂಪನಿಯವರು ಹಿನ್ನೆಲೆ ವಿಚಾರಿಸುತ್ತಾರೆ, ರಿಲೀವಿಂಗ್ ಲೆಟರ್ ಬೇಕು, ಮನೆ ಸಾಲದ ಕಂತು ಕಟ್ಟಬೇಕು. ಊರಿನಲ್ಲಿ ಸಂಬಂಧದ ಮಾತು ನಡೆದಿರುತ್ತದೆ. ‘ಕೋರ್ಟು ಕಚೇರಿ ನಮಗ್ಯಾಕೆ, ಸಹಿ ಹಾಕಿ ಬಾ’ ಎಂದು ತಂದೆತಾಯಿ ಹೇಳುವುದು ಮಗನ ಮೇಲಿನ ಕಾಳಜಿಯಿಂದಲೇ. ಆದರೆ ಸಹಿ ಹಾಕಿದವನ ದಾಖಲೆಯಲ್ಲಿ ಉಳಿಯುವುದು ಕಾರಣವಿಲ್ಲದೆ ಕೆಲಸ ಬಿಟ್ಟವನೆಂಬ ಮಾತು. ಹುದ್ದೆ ಕಡಿತವೆಂದು ಬರೆದ ಪತ್ರ ಪಡೆದವನ ಮೇಲೆ ಯಾವ ಕಳಂಕವೂ ಇಲ್ಲ. ಸಂಧಾನದಲ್ಲಿ ಹಣದ ಜೊತೆಗೆ ಸೇವಾ ಪ್ರಮಾಣಪತ್ರದ ಒಕ್ಕಣೆಯನ್ನೂ ಷರತ್ತಾಗಿ ಸೇರಿಸಬಹುದು, ಸೇರಿಸಬೇಕು.

ಸಮಾಜದ ಅನೇಕ ಕುಟುಂಬಗಳು ಮೇಜಿನ ಆಚೆ ಬದಿಯಲ್ಲೂ ಕೂರುತ್ತವೆ. ಅಂಗಡಿ, ಅಕ್ಕಿ ಗಿರಣಿ, ಗೋಡಂಬಿ ಕಾರ್ಖಾನೆ, ವಿದ್ಯಾಸಂಸ್ಥೆ ನಡೆಸುವವರಿಗೆ ಇದೇ ನಿಯಮಗಳು ಹೊಣೆಯಾಗಿ ಬರುತ್ತವೆ. ನೋಟಿಸ್ ಮತ್ತು 15 ದಿನದ ಪರಿಹಾರದ ನಿಯಮಕ್ಕೆ ಇಷ್ಟು ಜನ ಇರಬೇಕೆಂಬ ಕನಿಷ್ಠ ಸಂಖ್ಯೆಯಿಲ್ಲ. ಆರು ಜನರ ಗಿರಣಿಗೂ ಅದು ಅನ್ವಯಿಸುತ್ತದೆ. ಪರಿಹಾರವನ್ನು ಕಡಿತದ ಹೊತ್ತಿಗೇ ಕೊಡಬೇಕು, ಅದು ಪೂರ್ವ ಷರತ್ತು ಎಂದು ಸುಪ್ರೀಂ ಕೋರ್ಟ್ 1960ರಲ್ಲೇ ತೀರ್ಮಾನಿಸಿದೆ. ‘ಆಮೇಲೆ ಕೊಡೋಣ’ ಎಂದು ಕಳಿಸಿದ ಮಾಲೀಕ ನಿಜಕ್ಕೂ ನಷ್ಟದಲ್ಲಿದ್ದರೂ ಕೇಸಿನಲ್ಲಿ ಸೋಲುತ್ತಾನೆ. ಧರ್ಮದತ್ತಿ ಮತ್ತು ಸೇವಾ ಸಂಸ್ಥೆಗಳ ವಿಷಯದಲ್ಲಿ ಹೊಸ ಸಂಹಿತೆ ಒಂದು ಬದಲಾವಣೆ ತಂದಿದೆ: ಪೂರ್ಣವಾಗಿ ಅಥವಾ ಬಹುಪಾಲು ದಾನ, ಸಮಾಜಸೇವೆಯಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು ‘ಕೈಗಾರಿಕೆ’ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ಶುಲ್ಕ ಪಡೆದು ನಡೆಸುವ ಆಸ್ಪತ್ರೆ, ಬಾಡಿಗೆಗೆ ಕೊಡುವ ಕಲ್ಯಾಣ ಮಂಟಪ ಆ ವಿನಾಯಿತಿಯೊಳಗೆ ಬರುತ್ತವೆಯೇ ಎಂಬುದನ್ನು ನ್ಯಾಯಾಲಯಗಳು ಇನ್ನು ಪ್ರಕರಣವಾರು ನೋಡಬೇಕಾಗುತ್ತದೆ. ಅಲ್ಲಿಯವರೆಗೆ ಅಂಥ ಟ್ರಸ್ಟುಗಳು ಇಪ್ಪತ್ತು ವರ್ಷ ದುಡಿದ ಗುಮಾಸ್ತ ಅಥವಾ ಕಾವಲುಗಾರನನ್ನು ಕಳಿಸುವಾಗ ವಿನಾಯಿತಿಯನ್ನು ನಂಬಿ ಕೂರದೆ ಲೆಕ್ಕ ಹಾಕಿ ಪರಿಹಾರ ಕೊಟ್ಟು, ರಸೀದಿ ಪಡೆಯುವುದು ಕ್ಷೇಮ.